ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಹನ್ನೊಂದು ಫ್ಯಾನುಗಳಿವೆ. ಅವುಗಳಲ್ಲಿ ಏಳರ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು ಬರೆದಿದೆ. ಕರೆಂಟು ಇರುವಾಗ ಹೆಸರು ಕಾಣುವುದಿಲ್ಲ, ಗಾಳಿ ಬರುತ್ತದೆ. ಕರೆಂಟು ಹೋದಾಗ ಹೆಸರು ಕಾಣುತ್ತದೆ, ಗಾಳಿ ಇರುವುದಿಲ್ಲ. ದೇವಸ್ಥಾನದ ಟ್ಯೂಬ್‌ಲೈಟುಗಳ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಹೆಸರು ದೊಡ್ಡದಾದಷ್ಟೂ ಬೆಳಕು ಕಡಿಮೆ.

ಈ ಹಳೆಯ ತಮಾಷೆ ನನಗೆ ಮತ್ತೆ ನೆನಪಾದದ್ದು ಕಂಪ್ಯೂಟರಿನ ಮುಂದೆ. ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಕಥೆ ಟೈಪು ಮಾಡುತ್ತಿದ್ದೆ. ನಾನು ಬರೆಯುವುದು ಬ್ರೌಸರಿನಲ್ಲಿ. ಕನ್ನಡ ಕೀಲಿಗಳ ತಾಪತ್ರಯ ಬೇಡವೆಂದು ಅಕ್ಕನ ಮಗ ಅದಕ್ಕೊಂದು ಉಚಿತ ಎಕ್ಸ್‌ಟೆನ್ಶನ್ ಹಾಕಿಕೊಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಹೊಡೆದರೆ ಕನ್ನಡ ಮೂಡುತ್ತದೆ. ಸತ್ತ ಮಗನ ಟ್ರಂಕಿನ ಬೀಗವನ್ನು ತಾಯಿ ತೆಗೆಯುವ ಸಾಲಿಗೆ ಬಂದಿದ್ದೆ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಹೊಸ ಪುಟವೊಂದು ತೆರೆದುಕೊಂಡಿತು. ನಗುತ್ತಿರುವ ಯುವಕನ ಫೋಟೋ. ಎಕ್ಸ್‌ಟೆನ್ಶನ್ ಹೊಸ ಆವೃತ್ತಿಗೆ ಏರಿದೆಯೆಂದೂ, ತನ್ನ ಇನ್ನೆರಡು ತಂತ್ರಾಂಶಗಳನ್ನೂ ಬಳಸಬೇಕೆಂದೂ, ಐದು ನಕ್ಷತ್ರ ಕೊಡಬೇಕೆಂದೂ, ಸಾಧ್ಯವಾದರೆ ಒಂದು ಕಾಫಿ ಕೊಡಿಸಬೇಕೆಂದೂ ಕೋರಿಕೆ. ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂಬುದಕ್ಕೆ ಒಂದೇ ಸಾಲು: ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ. ನಾನು ಆ ಪುಟ ಮುಚ್ಚಿ ವಾಪಸಾಗುವಷ್ಟರಲ್ಲಿ ಟ್ರಂಕಿನೊಳಗೆ ಏನಿತ್ತೆಂಬುದು ಮರೆತುಹೋಗಿತ್ತು.

“ಬಿಟ್ಟಿ ಕೊಟ್ಟಿದ್ದಾನಲ್ಲ ಮಾಮೂ, ಒಂದು ನಿಮಿಷ ನೋಡಿದರೆ ನಿಮ್ಮ ಗಂಟೇನು ಹೋಯಿತು?” ಎಂದ ಅಕ್ಕನ ಮಗ.

ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ನಾನೂ ಇಪ್ಪತ್ತು ವರ್ಷಗಳಿಂದ ಬಹುಪಾಲು ಗೌರವಧನವಿಲ್ಲದೆ ಕಥೆ ಕೊಡುತ್ತ ಬಂದವನು (ಸಂಪಾದಕರು ಕ್ಷಮಿಸಬೇಕು). ಬಿಟ್ಟಿ ಕೊಡುವವನಿಗೆ ಹಸಿವಿರುವುದಿಲ್ಲ ಎಂದು ಪಡೆಯುವವರು ಎಷ್ಟು ಸಲೀಸಾಗಿ ನಂಬುತ್ತಾರೆಂಬುದು ನನಗೆ ಗೊತ್ತು. ಆದ್ದರಿಂದ ಆ ಯುವಕ ಕೇಳಿದ್ದು ತಪ್ಪು ಎಂದು ನಾನು ಹೇಳಲಾರೆ. ಹಾಗಾದರೆ ನನಗೆ ಸಿಟ್ಟು ಬಂದದ್ದೇಕೆ?

ಎಕ್ಸ್‌ಟೆನ್ಶನ್ ಎಂದರೆ ಬ್ರೌಸರಿಗೆ ನಾವು ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶ. ಜಾಹೀರಾತು ತಡೆಯುವುದಕ್ಕೆ, ಪದದ ಅರ್ಥ ತೋರಿಸುವುದಕ್ಕೆ, ಲಿಪಿ ಬದಲಿಸುವುದಕ್ಕೆ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು. ಬಹುತೇಕ ಉಚಿತ. ಒಬ್ಬನೋ ಇಬ್ಬರೋ ರಾತ್ರಿ ನಿದ್ದೆಗೆಟ್ಟು ಬರೆದಂಥವೇ ಹೆಚ್ಚು. ಹಾಕಿಕೊಳ್ಳುವಾಗ ಕ್ರೋಮ್ ಬ್ರೌಸರ್ ಒಂದು ಎಚ್ಚರಿಕೆ ತೋರಿಸುತ್ತದೆ. ಈ ತಂತ್ರಾಂಶ ನೀವು ನೋಡುವ ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಬಲ್ಲದು, ಬದಲಿಸಬಲ್ಲದು ಎಂಬುದು ಅದರ ತಾತ್ಪರ್ಯ. ನಾವು ಅದನ್ನು ಓದದೆ ‘ಆಗಲಿ’ ಎನ್ನುತ್ತೇವೆ. ಬ್ಯಾಂಕಿನ ಪುಟ, ಡಾಕ್ಟರರ ವರದಿ, ಮಗಳ ಮದುವೆ ಮಾತುಕತೆಯ ಪತ್ರ ಎಲ್ಲವನ್ನೂ ನೋಡಬಲ್ಲ ಒಬ್ಬನನ್ನು ಮನೆಯೊಳಗೆ ಬಿಟ್ಟುಕೊಂಡಂತೆ. ಮನೆಕೆಲಸಕ್ಕೆಂದು ಕೀಲಿ ಕೊಟ್ಟಿದ್ದೇವೆ. ಆತ ಆ ಕೀಲಿಯಿಂದ ಬಂದು ನಡುರಾತ್ರಿ ನಮ್ಮನ್ನು ಎಬ್ಬಿಸಿ ತನ್ನ ಪರಿಚಯಪತ್ರ ಕೊಟ್ಟರೆ ಕಳವೇನೂ ಆಗಿಲ್ಲ ನಿಜ. ಆದರೂ ಆ ರಾತ್ರಿಯ ನಂತರ ನಾವು ಕೀಲಿಯ ಬಗ್ಗೆ ಯೋಚಿಸತೊಡಗುತ್ತೇವೆ.

ಈ ಜಗಳಕ್ಕೆ ಒಂದು ಹಳೆಯ ಅಧ್ಯಾಯವಿದೆ. ಕಥೆಗಾರನಾಗಿ ನನಗೆ ಅದು ಬಹಳ ಹಿಡಿಸಿದೆ, ಏಕೆಂದರೆ ಅದರಲ್ಲಿ ಖಳನಾಯಕನಿಲ್ಲ.

ಇಟಲಿಯ ಜಾರ್ಜಿಯೋ ಮಾವೋನೆ ಎಂಬವರು 2005ರಲ್ಲಿ ಫೈರ್‌ಫಾಕ್ಸ್ ಬ್ರೌಸರಿಗಾಗಿ ನೋಸ್ಕ್ರಿಪ್ಟ್ ಎಂಬ ಎಕ್ಸ್‌ಟೆನ್ಶನ್ ಹೊರತಂದರು. ಜಾಲತಾಣಗಳು ನಮ್ಮ ಕಂಪ್ಯೂಟರಿನಲ್ಲಿ ನಾವು ಹೇಳದೆ ಓಡಿಸುವ ಸ್ಕ್ರಿಪ್ಟುಗಳನ್ನು ಅದು ತಡೆಯುತ್ತಿತ್ತು. ನಾವು ಅನುಮತಿ ಕೊಟ್ಟ ತಾಣಕ್ಕೆ ಮಾತ್ರ ಪ್ರವೇಶ. ಅದರ ಇಡೀ ಮತವೇ ಇಷ್ಟು: ಯಜಮಾನನನ್ನು ಕೇಳದೆ ಏನೂ ನಡೆಯಬಾರದು. ಇಂದಿಗೂ ಗುರುತು ಮರೆಸಿ ಜಾಲದಲ್ಲಿ ಓಡಾಡುವವರು ಬಳಸುವ ಟಾರ್ ಬ್ರೌಸರಿನೊಳಗೆ ಅದು ಇದೆ. ಸರ್ವಾಧಿಕಾರಗಳ ಕೆಳಗೆ ಬದುಕುವ ಪತ್ರಕರ್ತರಿಗೂ ಅದರಿಂದ ಉಪಕಾರವಾಗಿದೆ. ಅಂದರೆ ಮಾವೋನೆ ಮಾಡಿದ್ದು ಸಣ್ಣ ಕೆಲಸವಲ್ಲ.

ಇಂಥ ನೋಸ್ಕ್ರಿಪ್ಟ್ ಪ್ರತಿ ಸಲ ಹೊಸ ಆವೃತ್ತಿಗೆ ಏರಿದಾಗಲೂ ತನ್ನದೇ ಜಾಲತಾಣವನ್ನು ತೆರೆದು ತೋರಿಸುತ್ತಿತ್ತು. ಆ ಪುಟದಲ್ಲಿ ಜಾಹೀರಾತುಗಳಿದ್ದವು. ಲೋಕದ ತಾಣಗಳನ್ನೆಲ್ಲ ಸಂಶಯದಿಂದ ನೋಡುವ ನೋಸ್ಕ್ರಿಪ್ಟಿಗೆ ತನ್ನ ಒಡೆಯನ ತಾಣದ ಬಗ್ಗೆ ಮಾತ್ರ ಸಂಶಯವಿರಲಿಲ್ಲ. ಅನುಮತಿ ಪಡೆದವರ ಪಟ್ಟಿಯಲ್ಲಿ ಅದು ಮೊದಲೇ ಸೇರಿಕೊಂಡಿತ್ತು. ಹೊಸ ಆವೃತ್ತಿಗಳೂ ಬಹಳ ಬೇಗ ಬೇಗ ಬರುತ್ತಿದ್ದವು. ಜಾಹೀರಾತು ಆದಾಯಕ್ಕಾಗಿಯೇ ಇಷ್ಟೊಂದು ಆವೃತ್ತಿಗಳು ಎಂದು ಬಳಕೆದಾರರು ಗೊಣಗಿದರು. ಸುರಕ್ಷೆಯ ತಂತ್ರಾಂಶ ತಡಮಾಡುವಂತಿಲ್ಲ ಎಂಬುದು ಎದುರು ವಾದ. ಎರಡೂ ನಿಜವಿರಬಹುದು. ಒಬ್ಬನೇ ಮನುಷ್ಯನೊಳಗೆ ಎರಡು ಕಾರಣಗಳು ಒಟ್ಟಿಗೇ ಇದ್ದು, ಯಾವುದು ಯಾವುದನ್ನು ನಡೆಸುತ್ತಿದೆ ಎಂಬುದು ಅವನಿಗೇ ತಿಳಿಯದೆ ಹೋಗುವುದುಂಟು.

ಆಮೇಲೆ ನಡೆದದ್ದು ಬೀದಿ ಜಗಳ. ಆಡ್‌ಬ್ಲಾಕ್ ಪ್ಲಸ್ ಎಂಬ ಇನ್ನೊಂದು ಉಚಿತ ಎಕ್ಸ್‌ಟೆನ್ಶನ್ ಜಾಹೀರಾತುಗಳನ್ನು ತಡೆಯುತ್ತಿತ್ತು. ಯಾವುದನ್ನು ತಡೆಯಬೇಕೆಂಬ ಪಟ್ಟಿಗೆ ಈಸಿಲಿಸ್ಟ್ ಎಂದು ಹೆಸರು. ಆ ಪಟ್ಟಿ ಮಾವೋನೆಯವರ ತಾಣದ ಜಾಹೀರಾತುಗಳನ್ನೂ ತಡೆಯತೊಡಗಿತು. ಮಾವೋನೆ ತಪ್ಪಿಸಿಕೊಳ್ಳಲು ಪುಟದ ಕಟ್ಟನ್ನು ಬದಲಿಸಿದರು. ಪಟ್ಟಿಯವರು ಹೊಸ ಸಾಲುಗಳನ್ನು ಸೇರಿಸಿದರು. ಹಟ ಬೆಳೆದು ಕೊನೆಗೆ ಆ ತಾಣದ ಜಾಹೀರಾತಲ್ಲದ ಭಾಗಗಳೂ ಕೆಟ್ಟವು. ಆಗ ಮಾವೋನೆ ಮಾಡಬಾರದ್ದನ್ನು ಮಾಡಿದರು. ನೋಸ್ಕ್ರಿಪ್ಟಿನ ಹೊಸ ಆವೃತ್ತಿಯೊಳಗೆ, ಸುಲಭವಾಗಿ ಓದಲಾಗದಂತೆ ಮರೆಮಾಚಿದ ಕೋಡ್ ಇಟ್ಟು, ತನ್ನ ತಾಣಗಳಲ್ಲಿ ಆಡ್‌ಬ್ಲಾಕ್ ಪ್ಲಸ್ ಕೆಲಸ ಮಾಡದಂತೆ ಮಾಡಿದರು. ಅದಕ್ಕೆ ಆಕ್ಷೇಪ ಬಂದ ಮೇಲೆ ಮರೆಮಾಚಿದ್ದನ್ನು ತೆಗೆದು, ತಮ್ಮ ತಾಣಗಳಿಗೆ ವಿನಾಯಿತಿ ಕೊಡುವ ಪಟ್ಟಿಯೊಂದನ್ನು ಕಣ್ಣಿಗೆ ಕಾಣುವಂತೆಯೇ ಆಡ್‌ಬ್ಲಾಕ್ ಪ್ಲಸ್ಸಿನೊಳಗೆ ಸೇರಿಸಿದರು. ಆಗಲೂ ಬಳಕೆದಾರನನ್ನು ಕೇಳಲಿಲ್ಲ.

ಆಡ್‌ಬ್ಲಾಕ್ ಪ್ಲಸ್ಸಿನ ವ್ಲಾದಿಮಿರ್ ಪಲಾಂಟ್ 2009ರ ಮೇ ಆರಂಭದಲ್ಲಿ ಇದನ್ನು ಬಯಲಿಗೆಳೆದರು. ಕೆಲವೇ ದಿನಗಳಲ್ಲಿ ಮಾವೋನೆ ಆ ಪಟ್ಟಿಯನ್ನು ಹಿಂತೆಗೆದುಕೊಂಡು ಬಹಿರಂಗವಾಗಿ ಕ್ಷಮೆ ಕೇಳಿದರು. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ನಮ್ಮ ರಾಜಕಾರಣಿಗಳ ಧಾಟಿ ಅದರಲ್ಲಿರಲಿಲ್ಲ. ತಾನು ದೊಡ್ಡ ತಪ್ಪು ಮಾಡಿದೆ ಎಂದು ಕರ್ತೃ, ಕರ್ಮ, ಕ್ರಿಯಾಪದಗಳ ಸಮೇತ ಒಪ್ಪಿಕೊಂಡಿದ್ದರು. ಫೈರ್‌ಫಾಕ್ಸಿನ ಮೊಝಿಲ್ಲಾ ಸಂಸ್ಥೆ ಅದೇ ತಿಂಗಳು ಎಕ್ಸ್‌ಟೆನ್ಶನ್ ಬರೆಯುವವರಿಗೆ ನಿಯಮ ಮುಂದಿಟ್ಟಿತು. ಮುಖ್ಯ ಕೆಲಸಕ್ಕೆ ಸಂಬಂಧಿಸದ ಯಾವುದೇ ಬದಲಾವಣೆ ಮಾಡುವುದಿದ್ದರೆ ಮೊದಲೇ ತಿಳಿಸಬೇಕು, ಬಳಕೆದಾರ ತಾನಾಗಿ ಒಪ್ಪಬೇಕು ಎಂದು. ಗೂಗಲ್ ಕೂಡ ಕ್ರೋಮಿನಲ್ಲಿ ಒಂದು ಎಕ್ಸ್‌ಟೆನ್ಶನ್ನಿಗೆ ಒಂದೇ ಉದ್ದೇಶವಿರಬೇಕೆಂದು 2013ರಲ್ಲಿ ಹೇಳಿತು. ಆದರೆ ಹೊಸ ಆವೃತ್ತಿ ಬಂತೆಂಬ ನೆಪದಲ್ಲಿ ತೆರೆದುಕೊಳ್ಳುವ ಪುಟ ಮಾತ್ರ ಹಾಗೆಯೇ ಉಳಿಯಿತು. ತಂತ್ರಾಂಶಕ್ಕೆ ‘ನೀನೀಗ ಹೊಸ ಆವೃತ್ತಿಗೆ ಏರಿದೆ’ ಎಂದು ಬ್ರೌಸರೇ ಸೂಚನೆ ಕೊಡುತ್ತದೆ. ಆ ಕ್ಷಣದಲ್ಲಿ ಪುಟ ತೆರೆಯುವುದಕ್ಕೆ ಒಂದೆರಡು ಸಾಲು ಸಾಕು. ಬೇಡವೆಂದು ತೆಗೆದುಹಾಕಿದಾಗಲೂ ಒಂದು ಪುಟ ತೆರೆಯುವ ಸೌಲಭ್ಯವಿದೆ. ‘ನಮ್ಮನ್ನೇಕೆ ಬಿಟ್ಟು ಹೋಗುತ್ತಿದ್ದೀರಿ’ ಎಂಬ ಅಳುಮೋರೆ ನೀವೂ ನೋಡಿರುತ್ತೀರಿ. ಬಾಡಿಗೆ ಮನೆ ಖಾಲಿ ಮಾಡುವಾಗ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಮಾಲೀಕನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಮಾವೋನೆಯ ಕಥೆಯನ್ನು ಇಲ್ಲಿಗೆ ಮುಗಿಸಿದರೆ ಪಲಾಂಟ್ ಬಳಗ ನ್ಯಾಯದ ಪಕ್ಷವಾಗಿ ಉಳಿಯುತ್ತದೆ. ಆದರೆ 2011ರ ಡಿಸೆಂಬರಿನಲ್ಲಿ ಆಡ್‌ಬ್ಲಾಕ್ ಪ್ಲಸ್ ತಾನೇ ಕೆಲವು ‘ಸ್ವೀಕಾರಾರ್ಹ’ ಜಾಹೀರಾತುಗಳನ್ನು ಒಳಗೆ ಬಿಡತೊಡಗಿತು. ಬೇಡದವರು ಹುಡುಕಿ ಆಫ್ ಮಾಡಿಕೊಳ್ಳಬೇಕು. ಹೀಗೆ ಒಳಗೆ ಬರುವುದಕ್ಕೆ ದೊಡ್ಡ ಕಂಪನಿಗಳು ಅದರ ಸಂಸ್ಥೆಗೆ ಹಣ ಕೊಡುತ್ತವೆ. ಎರಡೂವರೆ ವರ್ಷಗಳ ಹಿಂದೆ ಮಾವೋನೆ ಮಾಡಹೊರಟಿದ್ದು ತನ್ನ ಅಂಗಡಿಯ ಬಾಗಿಲಿಗೆ ಮಾತ್ರ. ಇವರು ಬಾಗಿಲುಗಳ ವ್ಯಾಪಾರವನ್ನೇ ತೆರೆದರು. ವ್ಯತ್ಯಾಸವಿಲ್ಲವೆಂದಲ್ಲ, ಇವರು ಮರೆಮಾಚದೆ ಹೇಳಿ ಮಾಡಿದರು. ಆದರೂ ಮೊದಲ ಜಗಳದಲ್ಲಿ ಕಲ್ಲೆಸೆದ ಕೈಗಳಿಗೂ ಹಸಿವಿತ್ತು ಎಂಬುದನ್ನು ನಾವು ಗಮನಿಸಬೇಕು.

ಇದಕ್ಕೆ ಎದುರಾಗಿ ನಿಲ್ಲುವ ಒಬ್ಬ ಮನುಷ್ಯನಿದ್ದಾನೆ. ಕೆನಡಾದ ರೇಮಂಡ್ ಹಿಲ್ 2014ರಲ್ಲಿ ಯುಬ್ಲಾಕ್ ಎಂಬ ಜಾಹೀರಾತು ತಡೆ ಬರೆದರು. 2015ರಲ್ಲಿ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿದರು. ಹೊಸ ಒಡೆಯ ಅದರ ಹೆಸರಿನಲ್ಲಿ ತಾಣ ಮಾಡಿ ದೇಣಿಗೆ ಕೇಳತೊಡಗಿದ. ಹಿಲ್ ತಮ್ಮದೇ ಕವಲನ್ನು ಯುಬ್ಲಾಕ್ ಒರಿಜಿನ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ದೇಣಿಗೆ ಬೇಡವೆಂದರು, ಕೊಡಲೇಬೇಕೆಂದು ಅನಿಸಿದರೆ ತಡೆಪಟ್ಟಿಗಳನ್ನು ನೋಡಿಕೊಳ್ಳುವವರನ್ನು ನೆನೆಯಿರಿ ಎಂದರು. ಇತ್ತ ಹಳೆಯ ಹೆಸರಿನ ಯುಬ್ಲಾಕ್ 2018ರಲ್ಲಿ ಬೇರೆ ಕಂಪನಿಯ ಪಾಲಾಗಿ, ಮರುವರ್ಷ ಅದೂ ‘ಸ್ವೀಕಾರಾರ್ಹ’ ಜಾಹೀರಾತುಗಳನ್ನು ಬಿಡತೊಡಗಿತು.

ಹಿಲ್ ಅವರನ್ನು ನಾನು ಮೆಚ್ಚುತ್ತೇನೆ. ಆದರೆ ಎಲ್ಲರೂ ಹಿಲ್ ಆಗಬೇಕೆಂದು ಹೇಳುವುದು ಕ್ರೂರ. ನಿರಾಕರಿಸುವುದಕ್ಕೂ ಅನ್ನದ ದಾರಿ ಬೇರೆ ಇರಬೇಕಾಗುತ್ತದೆ. ಕೇಳಲೂ ಆಗದೆ, ಬಿಡಲೂ ಆಗದೆ ಬೇಸತ್ತವನು ಕೊನೆಗೆ ಮಾಡುವುದು ಮಾರಾಟ. ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಶನ್ 2020ರಲ್ಲಿ ಅಪರಿಚಿತರ ಕೈಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಹಾನಿಕಾರಕ ತಂತ್ರಾಂಶವೆಂದು ತೆಗೆದುಹಾಕಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದ ಸಾಧನವದು. ಕಾಫಿ ಕೊಡಿಸಿ ಎಂದು ನಡುವೆ ಬಾಯಿಹಾಕುವ ಯುವಕ ಇದಕ್ಕಿಂತ ಸಾವಿರ ಪಾಲು ಮೇಲು. ನಮ್ಮ ಮನೆಯ ಕೀಲಿಯನ್ನು ಅವನು ಇನ್ನೂ ಸಂತೆಯಲ್ಲಿ ಇಟ್ಟಿಲ್ಲ.

ಹಾಗಾದರೆ ಕೇಳುವುದಾದರೂ ಹೇಗೆ? ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಗಝಲ್ ಪಾಠ ಮಾಡುವಾಗ ಮಖ್ತಾ ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮಖ್ತಾ ಎಂದರೆ ಕೊನೆಯ ಶೇರ್. ಕವಿ ತನ್ನ ಕಾವ್ಯನಾಮ ಹೇಳುವ ಜಾಗ. ಮೀರ್ ಇರಲಿ, ಗಾಲಿಬ್ ಇರಲಿ, ಹೆಸರು ಅಲ್ಲಿ ಬರುತ್ತದೆ. ಅದನ್ನು ಯಾರೂ ಆತ್ಮಪ್ರಶಂಸೆ ಎನ್ನುವುದಿಲ್ಲ, ಕೇಳುಗ ಕಾದು ಕುಳಿತಿರುತ್ತಾನೆ. ವಚನಕಾರರ ಅಂಕಿತವೂ ಕೊನೆಗೇ ಬರುವುದು ವಾಡಿಕೆ. ಬಸವಣ್ಣನವರಂತೂ ತಮ್ಮ ಹೆಸರನ್ನೇ ಇಡದೆ ಕೂಡಲಸಂಗಮದೇವನ ಹೆಸರಿಟ್ಟರು. ಹೆಸರಿಗೆ ಜಾಗವಿಲ್ಲವೆಂದು ನಮ್ಮ ಪರಂಪರೆಗಳು ಹೇಳಲಿಲ್ಲ, ಜಾಗ ಎಲ್ಲಿ ಎಂಬುದನ್ನು ಗೊತ್ತುಮಾಡಿದವು. ಪ್ರತಿ ಶೇರಿನಲ್ಲೂ ತನ್ನ ಹೆಸರು ಹೇಳಿ ವಿಳಾಸ ಕೊಡುವ ಶಾಯರನನ್ನು ಮುಶಾಯರಾದಲ್ಲಿ ಎಷ್ಟು ಹೊತ್ತು ಕೂರಿಸಿಯಾರು?

ತಂತ್ರಾಂಶ ಲೋಕದಲ್ಲೂ ಇಂಥ ಅಂಕಿತವೊಂದಿದೆ. ಅದು ಎಕ್ಸ್‌ಟೆನ್ಶನ್ ಅಲ್ಲ, ಕೋಡ್ ಬರೆಯುವವರ ಉಚಿತ ಪಠ್ಯ ಸಂಪಾದಕ; ಹೆಸರು ವಿಮ್. ನೆದರ್ಲೆಂಡಿನ ಬ್ರಾಮ್ ಮೂಲೆನಾರ್ 1991ರಲ್ಲಿ ಅದನ್ನು ಬಿಡುಗಡೆ ಮಾಡಿ, 2023ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ಯಾವ ಕಡತವನ್ನೂ ಹೆಸರಿಸದೆ ವಿಮ್ ತೆರೆದರೆ ಖಾಲಿ ಪರದೆಯ ನಡುವೆ ಕೆಲವು ಸಾಲು ಕಾಣುತ್ತವೆ. ಅವುಗಳಲ್ಲಿ ಒಂದು, ಉಗಾಂಡಾದ ಬಡಮಕ್ಕಳಿಗೆ ನೆರವಾಗಿ ಎಂದು ಕೋರುತ್ತದೆ. ಮೂಲೆನಾರ್ ಅಲ್ಲಿನ ಕಿಬಾಲೆಯ ಮಕ್ಕಳ ಕೇಂದ್ರದಲ್ಲಿ ಕೆಲಸ ಮಾಡಿ ಬಂದವರು. ತಮಗೆ ಬರಬಹುದಾದ ಹಣವನ್ನು ಅತ್ತ ತಿರುಗಿಸಿದರು. ನೀವು ಬರೆಯಲು ತೊಡಗಿದ ಕೂಡಲೇ ಆ ಸಾಲುಗಳು ಮಾಯವಾಗುತ್ತವೆ. ಕೋರಿಕೆ ಉದಾತ್ತವಾದದ್ದು ಎಂಬುದಕ್ಕಿಂತ ಈ ಮಾಯವಾಗುವಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಬರೆಯುವವನಿಗೆ ಈಗ ಪುಟ ಬೇಕು ಎಂಬುದನ್ನು ಇನ್ನೊಬ್ಬ ಬರೆಯುವವನು ಅರಿತಿದ್ದಾನೆ. ಆ ಯುವಕನೂ ತನ್ನ ಕಾಫಿಯನ್ನು ಎಕ್ಸ್‌ಟೆನ್ಶನ್ನಿನ ಸೆಟ್ಟಿಂಗ್ ಪುಟದ ಕೆಳಗೋ, ನಾನಾಗಿ ಒತ್ತುವ ಐಕಾನಿನ ಒಳಗೋ ಇಟ್ಟಿದ್ದರೆ ಸಾಕಿತ್ತು.

ಆದರೆ ಹಾಗೆ ಇಟ್ಟಿದ್ದರೆ ನಾನು ನೋಡುತ್ತಿದ್ದೆನೆ? ಎರಡು ವರ್ಷ ಅದನ್ನು ಬಳಸಿದ್ದೇನೆ. ಒಂದು ಕಥಾಸಂಕಲನ ಪೂರ್ತಿ ಅದರಲ್ಲೇ ಟೈಪಾಗಿದೆ. ಕೃತಜ್ಞತೆಯ ಪುಟದಲ್ಲಿ ಡಿಟಿಪಿಯವರನ್ನು ನೆನೆದೆ, ಮುಖಪುಟದ ಚಿತ್ರಕಾರರನ್ನು ನೆನೆದೆ, ಫ್ಯಾನಿನ ದಾನಿಗಳಲ್ಲಿ ಒಬ್ಬರಾದ ನಮ್ಮ ಹಾಜಿ ಸಾಹೇಬರನ್ನೂ ನೆನೆದೆ. ಅವನ ಹೆಸರು ನನಗೆ ಆ ರಾತ್ರಿಯವರೆಗೂ ಗೊತ್ತಿರಲಿಲ್ಲ.

ಮರುದಿನ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿಯ ಕೊಂಡಿ ಒತ್ತಿದೆ. ಡಾಲರಿನ ಲೆಕ್ಕ ಬಂತು. ನನ್ನ ಬ್ಯಾಂಕ್ ಕಾರ್ಡು ವಿದೇಶಕ್ಕೆ ನಡೆಯುವುದಿಲ್ಲವೆಂದು ಎರಡು ಸಲ ವಾಪಸ್ ಬಂತು. ಕೊನೆಗೆ ಹುಡುಗ ತನ್ನ ಕಾರ್ಡಿನಿಂದ ಕಳಿಸಿದ. ನಾನು ಅವನಿಗೆ ನಗದು ಕೊಟ್ಟೆ. ಹಣದ ಜೊತೆ ಒಂದು ಸಂದೇಶ ಬರೆಯಲು ಜಾಗವಿತ್ತು. ಹೊಸ ಆವೃತ್ತಿ ಬಂದಾಗ ದಯವಿಟ್ಟು ಪುಟ ತೆರೆಯಬೇಡ, ನಾನು ಬರೆಯುತ್ತಿರುತ್ತೇನೆ ಎಂದು ಬರೆದೆ. ಅವನದೇ ಎಕ್ಸ್‌ಟೆನ್ಶನ್ನಿನಲ್ಲಿ, ಕನ್ನಡದಲ್ಲಿ.