ಸಿಗ್ಮಾರಿಂಗನ್‌ನ ಮೇಷ್ಟ್ರು

ರಾಜಕಾರಣಿಗಳ ಜೀವನಕಥೆ ಓದುವ ಹುಚ್ಚಿರುವವರಿಗೆ ನನ್ನದೊಂದು ಸಲಹೆ: ಅಧಿಕಾರ ಸಿಕ್ಕ ವರ್ಷಗಳನ್ನು ಆಮೇಲೆ ಓದಿ, ಸಿಗದ ವರ್ಷಗಳನ್ನು ಮೊದಲು ಓದಿ. ವಿನ್‌ಫ್ರೀಡ್ ಕ್ರೆಚ್‌ಮನ್ ಅವರನ್ನಂತೂ ಹೀಗೇ ಓದಬೇಕು. ಜರ್ಮನಿಯ ರಾಜ್ಯವೊಂದಕ್ಕೆ ಹಸಿರು ಪಕ್ಷದಿಂದ ಬಂದ ಮೊದಲ ಮುಖ್ಯಮಂತ್ರಿ ಅವರು. ಆ ಕುರ್ಚಿ ಸಿಕ್ಕಿದ್ದು 2011ರಲ್ಲಿ, ವಯಸ್ಸು 63ರ ಹೊಸ್ತಿಲಲ್ಲಿದ್ದಾಗ. ವಿಧಾನಸಭೆಗೆ ಮೊದಲು ಕಾಲಿಟ್ಟಿದ್ದು 1980ರಲ್ಲಿ.

ಅವರ ರಾಜ್ಯ ಬಾಡೆನ್-ವುರ್ಟೆಂಬರ್ಗ್. ‘ಮಂಗಳೂರ ಸಮಾಚಾರ’ ಹೊರತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ ಸೀಮೆ. ಈಗ ಅದು ಮರ್ಸಿಡಿಸ್, ಪೋರ್ಶೆ, ಬಾಷ್‌ಗಳ ನಾಡು. ಕ್ರೆಚ್‌ಮನ್ ಅವರ ತಂದೆಯೂ ಶಾಲಾ ಮೇಷ್ಟ್ರೇ. ಮಗ ಹೋಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಓದುವಾಗ ಮಾವೋವಾದಿಗಳ ಗುಂಪು ಸೇರಿದರು. ತೀವ್ರಗಾಮಿಗಳಿಗೆ ಸರ್ಕಾರಿ ಕೆಲಸ ಕೊಡಕೂಡದೆಂಬ ನಿಯಮವಿದ್ದ ಕಾಲ ಅದು; ಮೇಷ್ಟ್ರ ನೌಕರಿಯೇ ಕೈತಪ್ಪುವುದರಲ್ಲಿತ್ತು. ಆ ಗುಂಪು ಸೇರಿದ್ದು ತಪ್ಪೆಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಸಿದ್ಧಾಂತದ ಅಮಲು ಎಂಥದೆಂದು ಒಮ್ಮೆ ಅನುಭವಿಸಿ ಹೊರಬಂದವರಲ್ಲಿ ಕಾಣುವ ಎಚ್ಚರ ಅವರ ರಾಜಕಾರಣದ ಉದ್ದಕ್ಕೂ ಇದೆ.

1980ರಲ್ಲಿ ಹಸಿರು ಪಕ್ಷಕ್ಕೆ ಶೇ 5.3 ಮತ ಬಂದು ಆರು ಜನ ಗೆದ್ದರು, ಇವರೂ ಒಬ್ಬರು. 1984ರಲ್ಲಿ ಸದನದಿಂದ ಹೊರಗೆ, 1988ರಲ್ಲಿ ಒಳಗೆ, 1992ರಲ್ಲಿ ಮತ್ತೆ ಹೊರಗೆ, 1996ರಲ್ಲಿ ಮತ್ತೆ ಒಳಗೆ. ನಡುವೆ ಹೆಸ್ಸೆನ್ ರಾಜ್ಯದಲ್ಲಿ ಯೋಷ್ಕಾ ಫಿಷರ್ ಪರಿಸರ ಸಚಿವರಾಗಿದ್ದಾಗ ಅವರ ಇಲಾಖೆಯಲ್ಲಿ ಸ್ವಲ್ಪ ಕಾಲ ದುಡಿದರು. ಚುನಾವಣೆ ಕೈಕೊಟ್ಟಾಗ ಸಿಗ್ಮಾರಿಂಗನ್ ಪಟ್ಟಣದಲ್ಲಿ ಪಾಠ ಹೇಳಲು ಹೋದರು. ಸೋತವನಿಗೆ ಮರಳಿ ಹೋಗಲು ಇಷ್ಟಪಟ್ಟು ಮಾಡುವ ಕೆಲಸವೊಂದಿದ್ದರೆ ಅವನು ಸ್ಥಾನಕ್ಕಾಗಿ ಅಂಗಲಾಚಬೇಕಿಲ್ಲ. ಅವರ ಸ್ವಾತಂತ್ರ್ಯದ ಮೂಲ ಇಲ್ಲೇ ಇದೆ ಎಂದು ನಾನು ನಂಬುತ್ತೇನೆ.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ದುರಂತವಾಯಿತು. ಅದೇ ತಿಂಗಳ ರಾಜ್ಯ ಚುನಾವಣೆಯಲ್ಲಿ, ಅಣುವಿದ್ಯುತ್ತನ್ನು ವಿರೋಧಿಸುತ್ತ ಬಂದಿದ್ದ ಹಸಿರು ಪಕ್ಷ ಶೇ 24.2 ಮತ ಪಡೆದು, ಸೋಷಿಯಲ್ ಡೆಮಾಕ್ರಟರ ಜೊತೆಗೂಡಿ, ಕ್ರಿಶ್ಚಿಯನ್ ಡೆಮಾಕ್ರಟರ 58 ವರ್ಷಗಳ ಆಳ್ವಿಕೆಯನ್ನು ಕೊನೆಗೊಳಿಸಿತು. ಜನರಿಗೆ ಕಿವಿಗೊಡುವ ರಾಜಕಾರಣ ಮಾಡುತ್ತೇನೆಂದು ಕ್ರೆಚ್‌ಮನ್ ಮಾತು ಕೊಟ್ಟರು. ಪರೀಕ್ಷೆ ಕೂಡಲೇ ಎದುರಾಯಿತು. ಸ್ಟುಟ್‌ಗಾರ್ಟ್‌ನ ರೈಲು ನಿಲ್ದಾಣವನ್ನು ನೆಲದಡಿಗೆ ಇಳಿಸುವ ‘ಸ್ಟುಟ್‌ಗಾರ್ಟ್ 21’ ಯೋಜನೆಯನ್ನು ಅವರ ಪಕ್ಷ ವರ್ಷಗಟ್ಟಲೆ ವಿರೋಧಿಸಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಪ್ರತಿಭಟನಕಾರರ ಮೇಲೆ ಪೊಲೀಸರು ಜಲಫಿರಂಗಿ ಹಾಯಿಸಿದ್ದರು. ಮುಖ್ಯಮಂತ್ರಿಯಾದ ಮೇಲೆ ಕ್ರೆಚ್‌ಮನ್ ಅದರ ಬಗ್ಗೆ ಜನಮತಗಣನೆ ನಡೆಸಿದರು. ಶೇ 58.9 ಮತ ರಾಜ್ಯ ಯೋಜನೆಯಿಂದ ಹಿಂದೆ ಸರಿಯಕೂಡದೆಂದು ಬಂತು. ಹಳೆಯ ಒಡನಾಡಿಗಳು ಕಹಿಯಾದರೂ ಅವರು ತೀರ್ಪಿಗೆ ತಲೆಬಾಗಿದರು.

ರಾಜ್ಯದ ಕಪ್ಪು ಅರಣ್ಯದ (ಬ್ಲ್ಯಾಕ್ ಫಾರೆಸ್ಟ್) ವಿಷಯದಲ್ಲಿ ಮಾತ್ರ ಬಾಗಲಿಲ್ಲ. ಅಲ್ಲಿ ಸುಮಾರು 10,000 ಹೆಕ್ಟೇರ್ ರಾಷ್ಟ್ರೀಯ ಉದ್ಯಾನ ಮಾಡಹೊರಟಾಗ ಸುತ್ತಲಿನ ಊರುಗಳು ತಾವೇ ಮತ ಹಾಕಿ ಬೇಡವೆಂದವು. ಸರ್ಕಾರ ಕೇಳಿಸಿಕೊಂಡಿತು, ಆದರೂ ಕಾನೂನು ತಂದಿತು. 2014ರ ಜನವರಿಯಲ್ಲಿ ಉದ್ಯಾನ ಆರಂಭವಾಯಿತು. ಕೇಳುವುದೆಂದರೆ ಒಪ್ಪುವುದಲ್ಲ ಎಂಬುದು ಅವರ ನಿಲುವು. ತಲೆಮಾರುಗಳಿಂದ ಆ ಮರಗಳ ನಡುವೆ ಬದುಕಿದವರಿಗೆ ಈ ಉತ್ತರ ಸಾಲದು, ಅವರ ನೋವು ನ್ಯಾಯವಾದದ್ದೇ. ಆದರೂ ಕಾಡು ಇಡೀ ರಾಜ್ಯದ್ದು, ಅದರ ಲೆಕ್ಕವನ್ನು ಇಡೀ ರಾಜ್ಯವೇ ಹಾಕಬೇಕು ಎಂಬ ಕ್ರೆಚ್‌ಮನ್ ಅವರ ವಾದದ ಕಡೆಗೇ ನನ್ನ ಒಲವು. ಮುಂದಿನ ಚುನಾವಣೆಗಳಲ್ಲಿ ಹಸಿರು ಪಕ್ಷದ ಮತ 2016ರಲ್ಲಿ ಶೇ 30.3ಕ್ಕೆ ಏರಿತು, 2021ರಲ್ಲಿ 32.6ಕ್ಕೆ.