ಮೋಟು ಮಡ್‌ಗಾರ್ಡಿನ ಸೊಗಸು: ಬಾಬರ್ ಬೈಕನ್ನು ನೋಡುವ ಬಗೆ

ಹಳೆಯ ಮೋಟಾರ್‌ಸೈಕಲ್ಲಿನಿಂದ ಓಟಕ್ಕೆ ಬೇಡದ್ದನ್ನೆಲ್ಲ ಕಳಚಿ, ಹಿಂದಿನ ಮಡ್‌ಗಾರ್ಡನ್ನು ಮೋಟು ಮಾಡಿ, ಒಬ್ಬರೇ ಕೂರುವಂತೆ ಸೀಟು ತಗ್ಗಿಸಿ ಕಟ್ಟಿದ ಗಾಡಿಗೆ ಬಾಬರ್ ಎಂದು ಹೆಸರು. ಕುದುರೆಯ ಬಾಲವನ್ನು ಗಿಡ್ಡಗೆ ಕತ್ತರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಬಾಬ್’ ಎನ್ನುತ್ತಾರೆ. ಇಲ್ಲಿ ಬಾಲದ ಪಾಲು ಮಡ್‌ಗಾರ್ಡಿನದು.

ಹುಟ್ಟಿದ್ದು ಅಮೆರಿಕದಲ್ಲಿ, ಬಡತನದ ಉಪಾಯವಾಗಿ. 1930ರ ದಶಕದ ನಡುವೆ ಅಲ್ಲಿ ‘ಕ್ಲಾಸ್ ಸಿ’ ಪಂದ್ಯಗಳು ಶುರುವಾದವು. ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಗಾಡಿಗಳೇ ಅವುಗಳಲ್ಲಿ ಓಡಬೇಕಿತ್ತು. ಎಂಜಿನ್ನಿಗೆ ದುಡ್ಡು ಸುರಿಯಲಾಗದ ಸವಾರರು ತೂಕ ಇಳಿಸಿದರು: ಮುಂದಿನ ಮಡ್‌ಗಾರ್ಡ್ ಹೋಯಿತು, ಹಿಂದಿನದು ಅರ್ಧವಾಯಿತು. ಆ ಕಾಲದ ಹಾರ್ಲೆ-ಡೇವಿಡ್‌ಸನ್ ಗಾಡಿಗಳ ಹಿಂದಿನ ಮಡ್‌ಗಾರ್ಡಿನಲ್ಲಿ ಚಕ್ರ ಬಿಚ್ಚಲು ಅನುಕೂಲವಾಗಲೆಂದು ಒಂದು ಕೀಲು ಇತ್ತು. ಕೀಲಿನಿಂದಾಚೆಯ ತುಂಡು ತೆಗೆದರೆ ಅರ್ಧ ಕೆಲಸ ಮುಗಿದಂತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹಾರ್ಲೆ-ಡೇವಿಡ್‌ಸನ್ ಡಬ್ಲ್ಯುಎಲ್‌ಎ ಗಾಡಿಗಳು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂದವು. ಮನೆ ಹಿತ್ತಲಿನ ಶೆಡ್ಡುಗಳಲ್ಲಿ ಗರಗಸ ಆಡತೊಡಗಿತು.

ಹೊಸಬರು ಬಾಬರನ್ನು ಚಾಪರ್ ಜೊತೆ ಬೆರೆಸುವುದುಂಟು. ಚಾಪರಿನಲ್ಲಿ ಚಾಸಿಯ ಕತ್ತನ್ನೇ ಕೊಯ್ದು, ಕೋನ ಬದಲಿಸಿ, ಫೋರ್ಕನ್ನು ಉದ್ದಕ್ಕೆ ಚಾಚುತ್ತಾರೆ. 1969ರ ‘ಈಸಿ ರೈಡರ್’ ಚಿತ್ರದ ಗಾಡಿಗಳು ಆ ಜಾತಿ. ಬಾಬರಿನಲ್ಲಿ ಕಾರ್ಖಾನೆಯ ಚಾಸಿಯ ಮುಂಭಾಗ ಹಾಗೆಯೇ ಉಳಿಯುತ್ತದೆ. ಮೂಲ ಗಾಡಿ ಯಾವುದೆಂದು ಗುರುತು ಹತ್ತದಿದ್ದರೆ ಕಟ್ಟಿದವನು ಅತಿ ಮಾಡಿದ್ದಾನೆ ಎಂದೇ ಅರ್ಥ.

ನೋಡಲು ಸರಿಯಾದ ಜಾಗ ಗಾಡಿಯ ಪಕ್ಕದಲ್ಲಿ, ಹತ್ತು ಹೆಜ್ಜೆ ದೂರ. ಹ್ಯಾಂಡಲ್ ಬುಡದಿಂದ ಟ್ಯಾಂಕಿನ ಅಡಿ ಹಾದು ಹಿಂಚಕ್ರದ ಅಚ್ಚಿನವರೆಗೆ ಕಣ್ಣು ಒಂದೇ ಇಳಿಜಾರಿನಲ್ಲಿ ಜಾರಬೇಕು. ಹಳೆಯ ಚಾಸಿಗಳಿಗೆ ಹಿಂದೆ ಶಾಕ್ ಅಬ್ಸಾರ್ಬರ್ ಇರಲಿಲ್ಲವಾದ್ದರಿಂದ ಈ ಗೆರೆ ತಾನಾಗಿ ಒದಗಿತ್ತು. ಅದರ ಮೋಹ ಎಷ್ಟೆಂದರೆ, 1984ರಲ್ಲಿ ಹಾರ್ಲೆ ‘ಸಾಫ್ಟೇಲ್’ ಮಾಡಿದಾಗ ಶಾಕ್‌ಗಳನ್ನು ಹೊಟ್ಟೆಯಡಿ ಬಚ್ಚಿಟ್ಟಿತು.

ಆಮೇಲೆ ಮಡ್‌ಗಾರ್ಡ್. ಅದರ ಬಾಗು ಟೈರಿನ ಬಾಗಿನ ಜೊತೆಗೇ ಸಾಗಬೇಕು, ನಡುವಿನ ಸಂದು ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿರಬೇಕು. ಶಾಕ್ ಇಲ್ಲದ ಗಾಡಿಯಲ್ಲಿ ಚಕ್ರ ಮೇಲೆ ಕೆಳಗೆ ಆಡುವುದಿಲ್ಲ, ಆದ್ದರಿಂದ ಸಂದು ಬೆರಳಗಲ ಇದ್ದರೂ ನಡೆದೀತು. ಶಾಕ್ ಇರುವ ಗಾಡಿಗೆ ಅಷ್ಟೇ ಸಂದು ಬೇಕಾದರೆ ಮಡ್‌ಗಾರ್ಡನ್ನು ಹಿಂಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೇ ಕೂರಿಸಿ ಚಕ್ರದ ಜೊತೆ ಏರಿಳಿಯುವಂತೆ ಮಾಡಬೇಕು. ಶಾಕ್ ಕಿತ್ತು ಆ ಜಾಗಕ್ಕೆ ಕಬ್ಬಿಣದ ಸರಳು ಬಿಗಿಯುವವರೂ ಇದ್ದಾರೆ. ಅದು ಸೋಮಾರಿತನ, ಪ್ರಾಣಕ್ಕೂ ಕುತ್ತು. ಹಳ್ಳದ ಪೆಟ್ಟನ್ನು ಹೊರಲೆಂದು ಆ ಚಾಸಿ ಹುಟ್ಟಿದ್ದಲ್ಲ.

ಸ್ಪ್ರಿಂಗಿನ ಮೇಲೆ ಕೂತ ಒಂಟಿ ಸೀಟು, ಚಿಕ್ಕ ಟ್ಯಾಂಕು, ದಪ್ಪ ಟೈರು ಬಾಬರಿನ ರೂಢಿಯ ಒಡವೆಗಳು. ಕೊಂಡು ತಂದು ಸಿಕ್ಕಿಸಬಹುದಾದ ಇವುಗಳಿಗೆ ಹೆಚ್ಚು ಅಂಕ ಬೇಡ. ತೆಗೆದ ಸಾಮಾನಿನ ಜಾಗದಲ್ಲಿ ಏನು ಉಳಿದಿದೆ ಎಂಬುದರಲ್ಲೇ ಕೈಚಳಕ ಸಿಕ್ಕಿಬೀಳುತ್ತದೆ. ಮೊದಲಿನ ಬ್ರಾಕೆಟ್ಟುಗಳನ್ನು ಕೊಯ್ದ ಮೇಲೆ ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ್ದಾರೆಯೇ? ಬ್ಯಾಟರಿ, ವೈರುಗಳು ಎಲ್ಲಿ ಅಡಗಿವೆ? ಸೀಟಿನಡಿ ಬಗ್ಗಿ ನೋಡಿದವರಿಗೆ ಉತ್ತರ ಸಿಗುತ್ತದೆ.

ಕರ್ನಾಟಕದಲ್ಲಿ ಈ ಮಾತು ಬಂದರೆ ಬುಲೆಟ್ಟಿನ ಜೊತೆ ಯೆಜ್ಡಿಯೂ ನೆನಪಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ತಯಾರಿಸಿದ ಈ ಟೂ ಸ್ಟ್ರೋಕ್ ಗಾಡಿಗೆ ಕತ್ತರಿ ಹಾಕುವಾಗ ಎಚ್ಚರ ಬೇಕು. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನ ಉಸಿರಾಟದ ಭಾಗ. ಚೆಂದಕ್ಕೆಂದು ಗಿಡ್ಡ ಮಾಡಿದರೆ ಸದ್ದು ಏರಿ ಎಳೆತ ಬೀಳುತ್ತದೆ. ಕಿಕ್ಕರ್ ಮತ್ತು ಗೇರ್ ಎರಡೂ ಆಗುವ ಅದರ ಒಂದೇ ಲಿವರನ್ನು ಉಳಿಸಿಕೊಂಡವನು ರಸಿಕ. ಮರಳಿ ಬಂದ ಜಾವಾ 2018ರಲ್ಲಿ 334 ಸಿಸಿಯ ‘ಪೆರಾಕ್’ ಎಂಬ ಬಾಬರನ್ನು ಕಾರ್ಖಾನೆಯಲ್ಲೇ ಕಟ್ಟಿ ತೋರಿಸಿತು. ತಮಾಷೆಯೆಂದರೆ ಆ ಹೆಸರು 1946ರ ಚೆಕ್ ಜಾವಾದ್ದು. ಹಿಂಚಕ್ರಕ್ಕೆ ಸ್ಪ್ರಿಂಗ್ ಇದ್ದದ್ದಕ್ಕೇ ಅದಕ್ಕೆ ಆ ಹೆಸರು ಬಂದದ್ದು.

ಭಾರತದ ರಸ್ತೆಗಿಳಿಯುವ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಕಾರ್ಖಾನೆಯ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹೀಗಾಗಿ ಚಾಸಿ ಮುಟ್ಟದೆ, ಬೇಕೆಂದಾಗ ಹಳೆಯ ಸಾಮಾನು ಮತ್ತೆ ಕೂರಿಸುವಂತೆ ಬೋಲ್ಟಿನಲ್ಲೇ ಮುಗಿಸಿದ ಕೆಲಸಕ್ಕೆ ಇಲ್ಲಿ ಬೇರೆಯೇ ಬೆಲೆಯಿದೆ.

ಕೊನೆಯ ಪರೀಕ್ಷೆ ಗಾಡಿ ಓಡಿಬಂದ ಮೇಲೆ. ಮಡ್‌ಗಾರ್ಡಿನ ಒಳಮೈಗೆ ಕೈಯಾಡಿಸಿದರೆ ಸಾಕು: ಟೈರು ಉಜ್ಜಿದ ಗುರುತಿದ್ದರೆ ಸಂದಿನ ಲೆಕ್ಕ ತಪ್ಪಿದೆ, ಕೈಗೆ ಬರೀ ಧೂಳು ಹತ್ತಿದರೆ ಸರಿಯಾಗಿದೆ.