ವೈದ್ಯಶಿಕ್ಷಣದಲ್ಲಿ ಪರೀಕ್ಷೆಯೂ ಪರಿಶೀಲನೆಯೂ

ಸಾಮರ್ಥ್ಯಾಧಾರಿತ ವೈದ್ಯಶಿಕ್ಷಣವೆಂಬ ಪದ್ಧತಿಯು ಈಚಿನ ದಶಕಗಳಲ್ಲಿ ಅನೇಕ ದೇಶಗಳಿಗೆ ಹಬ್ಬಿದೆ. ವಿದ್ಯಾರ್ಥಿಯು ಎಷ್ಟು ವರ್ಷ ಕಲಿತನೆಂಬುದಕ್ಕಿಂತ ಏನನ್ನು ಮಾಡಬಲ್ಲನೆಂಬುದೇ ಮುಖ್ಯವೆಂದು ಅದರ ಪ್ರತಿಪಾದನೆ. ಈ ಪದ್ಧತಿಯ ಪುರಸ್ಕರ್ತರಲ್ಲಿ ಕೆಲವರು ಹಳೆಯ ಪರೀಕ್ಷೆಯನ್ನು ಕೇವಲ ದೋಷವೆಂಬಂತೆ ಚಿತ್ರಿಸುವುದುಂಟು. ಚರಿತ್ರೆಯ ಅಭ್ಯಾಸಿಗಳಾದ ನಮಗೆ ಈ ಚಿತ್ರವು ಅಪೂರ್ಣವೆಂದು ತೋರುತ್ತದೆ.

ಪರೀಕ್ಷೆಯು ಬಂದುದಾದರೂ ಏತಕ್ಕೆ? ಇಂಗ್ಲೆಂಡಿನಲ್ಲಿ ಸಾಮಾನ್ಯ ಚಿಕಿತ್ಸಕನಾಗಬಯಸುವವನು ಒಬ್ಬ ಗುರುವಿನ ಕೈಕೆಳಗೆ ದುಡಿಯುತ್ತ ವೃತ್ತಿಯನ್ನು ಕಲಿಯುತ್ತಿದ್ದನು. 1815ರ ಔಷಧಕಾರರ ಶಾಸನವು ಐದು ವರ್ಷಗಳ ಈ ಶಿಷ್ಯವೃತ್ತಿಯನ್ನು ಕಡ್ಡಾಯ ಮಾಡಿ, ಅದರ ಮೇಲೆ ಪರೀಕ್ಷೆಯನ್ನೂ ವಿಧಿಸಿತು. 1858ರ ಶಾಸನದಿಂದ ವೈದ್ಯರ ಅಧಿಕೃತ ಪಟ್ಟಿ ಏರ್ಪಟ್ಟಿತು. ವೈದ್ಯ, ಶಸ್ತ್ರಚಿಕಿತ್ಸೆ, ಪ್ರಸೂತಿ ಈ ಮೂರರಲ್ಲಿಯೂ ತೇರ್ಗಡೆಯಾಗಲೇಬೇಕೆಂದು 1886ರ ಶಾಸನವು ಗೊತ್ತುಮಾಡಿತು. ಗುರುವೊಬ್ಬನ ಮಾತನ್ನೇ ನಂಬಿದಲ್ಲಿ ದಾಕ್ಷಿಣ್ಯಕ್ಕೂ ಪಕ್ಷಪಾತಕ್ಕೂ ಎಡೆಯುಂಟು. ಶಿಷ್ಯನನ್ನು ಅರಿಯದ ಪರೀಕ್ಷಕನು ರೋಗಿಗೆ ಒಂದು ಭರವಸೆಯಾಗುತ್ತಾನೆ. ಪರೀಕ್ಷೆಯ ಈ ಗುಣವನ್ನು ಮರೆಯಲಾಗದು.

ಆದರೆ ಒಂದು ದಿನದ ಪರೀಕ್ಷೆಯು ಒಂದು ದಿನವನ್ನಷ್ಟೇ ತೋರಿಸುತ್ತದೆ. ಈ ಕೊರತೆಯನ್ನು ನೀಗಿಸಲು 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು, ಎಲ್ಲ ವಿದ್ಯಾರ್ಥಿಗಳೂ ಅವವೇ ಕೆಲಸಗಳನ್ನು ಹಲವು ನೆಲೆಗಳಲ್ಲಿ ಮಾಡಿ ತೋರಿಸುವ ಕ್ರಮವನ್ನು ಪ್ರಕಟಿಸಿದರು. 1990ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾಗಿ ಮಾಡುವುದು. ಕೊನೆಯ ಮೆಟ್ಟಿಲನ್ನು ಪರೀಕ್ಷಾಮಂದಿರದಲ್ಲಿ ಕಾಣಲಾಗದು. ಅದಕ್ಕೆ ವಾರ್ಡಿಗೇ ಹೋಗಬೇಕು. ಇಂತು, ಪರೀಕ್ಷೆಯು ಪಕ್ಕಕ್ಕೆ ಸರಿಸಿದ್ದ ಗುರುವಿನ ಕಣ್ಣು ಮತ್ತೆ ಬೇಕಾಯಿತು.

ಇದರ ವ್ಯವಸ್ಥಿತ ಪ್ರಯೋಗವನ್ನು ಕೆನಡಾದಲ್ಲಿ ನೋಡಬಹುದು. ಅಲ್ಲಿನ ರಾಯಲ್ ಕಾಲೇಜು 2017ರಲ್ಲಿ ಅರಿವಳಿಕೆ ಹಾಗೂ ಕಿವಿ-ಮೂಗು-ಗಂಟಲು ಶಾಖೆಗಳಲ್ಲಿ ತಜ್ಞರ ತರಬೇತಿಯನ್ನು ಹೊಸ ಕ್ರಮಕ್ಕೆ ತಂದು, ಅನಂತರ ಇತರ ಶಾಖೆಗಳಿಗೂ ವಿಸ್ತರಿಸಿತು. ಕಿರಿಯ ವೈದ್ಯನ ನಿತ್ಯದ ಕೆಲಸವನ್ನು ಹಲವರು ನೋಡಿ ಬರೆದಿಡುತ್ತಾರೆ. ಒಂದೊಂದು ಬರಹವೂ ತಿದ್ದುವುದಕ್ಕಾಗಿ; ಮುಂದಿನ ಹಂತಕ್ಕೆ ಏರಿಸುವ ನಿರ್ಣಯ ಮಾತ್ರ ಎಲ್ಲವನ್ನೂ ಒಟ್ಟಾಗಿ ಪರಿಶೀಲಿಸುವ ಸಮಿತಿಯದು. ಒಂದೇ ದಿನದ ಆಕಸ್ಮಿಕವನ್ನೂ ಒಬ್ಬನೇ ಗುರುವಿನ ದಾಕ್ಷಿಣ್ಯವನ್ನೂ ಕೂಡಿಯೇ ಪರಿಹರಿಸಬಲ್ಲ ಈ ಯೋಜನೆಯನ್ನು ನಾವು ಮೆಚ್ಚುತ್ತೇವೆ.

ಆಚರಣೆಯಲ್ಲಿ ಮಾತ್ರ ಹಳೆಯ ರೂಢಿ ಸುಲಭವಾಗಿ ಬಿಡಲಿಲ್ಲ. ತರಬೇತಿಯವರಲ್ಲಿ ಅನೇಕರು ಪ್ರತಿಯೊಂದು ನಮೂನೆಯನ್ನೂ ಒಂದು ಕಿರುಪರೀಕ್ಷೆಯೆಂದೇ ಬಗೆದರು; ಕೆಲಸ ಚೆನ್ನಾಗಿ ನಡೆದಾಗಲೇ ಬರೆಸಿಕೊಳ್ಳುವ ಪ್ರವೃತ್ತಿ ಕಂಡುಬಂದಿತು. ಕೊರತೆಯನ್ನು ಕಾಣುವುದಕ್ಕೆಂದು ಏರ್ಪಟ್ಟ ಸಾಧನದಿಂದಲೇ ಕೊರತೆ ಮರೆಯಾದರೆ, ಅದರ ನಷ್ಟವನ್ನು ಭರಿಸುವವನು ಮುಂದಿನ ರೋಗಿ.

ಭಾರತದಲ್ಲಿ ಇದೇ ತತ್ತ್ವದ ಪಠ್ಯಕ್ರಮವು 2019ರಲ್ಲಿ ಎಂ.ಬಿ.ಬಿ.ಎಸ್. ಸೇರಿದವರಿಂದ ಮೊದಲ್ಗೊಂಡು ಜಾರಿಗೆ ಬಂದಿತು. ಕುಶಲಕಾರ್ಯಗಳನ್ನು ಲಾಗ್‌ಬುಕ್ಕಿನಲ್ಲಿ ದಾಖಲಿಸಿ ಅಧ್ಯಾಪಕರಿಂದ ದೃಢೀಕರಿಸಿಕೊಳ್ಳಬೇಕು. ಆಂತರಿಕ ಮೌಲ್ಯಮಾಪನದಲ್ಲಿ ನಿಗದಿಯಾದಷ್ಟು ಅಂಕ ಬಾರದೆ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂಡುವಂತಿಲ್ಲ. ಇಲ್ಲಿ ತಿದ್ದುವ ಅಧ್ಯಾಪಕನೇ ತಡೆಯುವ ಅಧಿಕಾರಿಯೂ ಆಗುತ್ತಾನೆ. ಅಂಥವನ ಮುಂದೆ ವಿದ್ಯಾರ್ಥಿಯು ತನಗೆ ತಿಳಿಯದುದನ್ನು ತಿಳಿಯದೆಂದು ಹೇಳುವನೆ? ಕೆಲಸವನ್ನು ನಿಂತು ನೋಡುವ ಬಿಡುವೂ ಅಧ್ಯಾಪಕನಿಗಿಲ್ಲವಾದರೆ, ರುಜುವು ಬರಿಯ ರುಜುವಾಗಿ ಉಳಿಯುತ್ತದೆ.

ಆದುದರಿಂದ ಎರಡು ಅಂಶಗಳನ್ನು ಸೂಚಿಸಬಯಸುತ್ತೇವೆ. ನಿತ್ಯದ ಪರಿಶೀಲನೆಗೆ ಅಂಕವಿರದೆ, ಏನನ್ನು ತಿದ್ದಿಕೊಳ್ಳಬೇಕೆಂಬ ಎರಡು ವಾಕ್ಯಗಳಿರಲಿ. ಅದಕ್ಕೆ ತಗಲುವ ಹೊತ್ತನ್ನು ಅಧ್ಯಾಪಕನ ಪಾಠದ ಅವಧಿಯಲ್ಲಿಯೇ ಗಣಿಸಲಿ. ತೇರ್ಗಡೆಯ ನಿರ್ಣಯವು ಹಲವರು ಕೂಡಿ ಮಾಡುವಂಥದಾಗಿ, ಹೊರಗಿನ ಪರೀಕ್ಷಕನೂ ಅದರಲ್ಲಿ ಉಳಿಯಲಿ. ಆಂತರಿಕ ಅಂಕಗಳನ್ನು ನೀಡುವ ನಮ್ಮ ಕಲಾ ಕಾಲೇಜುಗಳಿಗೂ ಈ ಪ್ರಶ್ನೆ ಹೊರತಲ್ಲವಾದುದರಿಂದ, ವೈದ್ಯರ ಈ ಪ್ರಯೋಗವನ್ನು ಇತರ ವಿಭಾಗದವರೂ ಗಮನಿಸುವುದು ಉಚಿತ.